ಹಳೆಯ ಡರ್ಟ್ ಟ್ರ್ಯಾಕ್ ಬೈಕಿಗೆ ಫ್ರೇಮ್ ಮತ್ತು ಬಿಡಿಭಾಗಗಳನ್ನು ಹುಡುಕುವುದು ಹೇಗೆ?

ಪ್ರಶ್ನೆ: ನಾನು ಹಾಸನದವನು. ಎಂಟು ವರ್ಷಗಳಿಂದ ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ ನೆಲೆಸಿದ್ದೇನೆ. ಪಕ್ಕದ ಮನೆಯ ಹಿರಿಯರೊಬ್ಬರು ಮನೆ ಖಾಲಿ ಮಾಡುವಾಗ 1972ರ ಯಮಹಾ ಎಕ್ಸ್‌ಎಸ್ 650 ಎಂಜಿನ್ ಒಂದನ್ನು ನನಗೆ ಕೊಟ್ಟು ಹೋದರು. ಫ್ರೇಮ್ ಇಲ್ಲ, ಕಾಗದಪತ್ರಗಳೂ ಇಲ್ಲ. ಅದನ್ನು ಬಳಸಿ 1970ರ ದಶಕದ ಮಾದರಿಯ ಡರ್ಟ್ ಟ್ರ್ಯಾಕ್ ಬೈಕ್ ಕಟ್ಟಿ ಹಳೆಯ ಬೈಕುಗಳ ವಿಭಾಗದಲ್ಲಿ ಓಡಿಸಬೇಕೆಂಬ ಆಸೆಯಿದೆ. ಫ್ರೇಮ್ ಮತ್ತು ಉಳಿದ ಭಾಗಗಳನ್ನು ಎಲ್ಲಿ, ಯಾವ ಕ್ರಮದಲ್ಲಿ ಹುಡುಕಬೇಕು? ಊರಿನಲ್ಲಿ ನಮ್ಮ ಮಾವನವರ ಹಳೆಯ ಯೆಜ್ಡಿ ನಿಂತಿದೆ. ಅದರ ಫ್ರೇಮ್ ತರಿಸಿಕೊಂಡರೆ ಉಪಯೋಗವಾದೀತೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸಿಬಿಡುತ್ತೇನೆ. ಯೆಜ್ಡಿಯನ್ನು ಅದು ಇರುವಲ್ಲೇ ಬಿಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ ಎಂಬ ಹೆಸರಿನಲ್ಲಿ, 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ, 1996ರಲ್ಲಿ ಬಾಗಿಲು ಹಾಕುವವರೆಗೆ ಮುಖ್ಯವಾಗಿ ತಯಾರಿಸಿದ್ದು ಒಂಟಿ ಸಿಲಿಂಡರಿನ 250 ಸಿಸಿ ಟೂ-ಸ್ಟ್ರೋಕ್ ಬೈಕುಗಳನ್ನು. ಅಗಲವಾದ, ಭಾರವಾದ, ಎರಡು ಸಿಲಿಂಡರಿನ ನಿಮ್ಮ ಯಮಹಾ ಎಂಜಿನ್ ಆ ಫ್ರೇಮಿನಲ್ಲಿ ಕೂರುವುದಿಲ್ಲ. ಕತ್ತರಿಸಿ ಕೂರಿಸಿದರೂ ಒಳ್ಳೆಯದೊಂದು ಯೆಜ್ಡಿ ಹಾಳಾಗುತ್ತದೆಯೇ ಹೊರತು ಡರ್ಟ್ ಟ್ರ್ಯಾಕ್ ಬೈಕ್ ಹುಟ್ಟುವುದಿಲ್ಲ. ದಾಖಲೆಪತ್ರಗಳು ಸರಿಯಾಗಿರುವ ಯೆಜ್ಡಿಗೆ ಹಾಸನದಲ್ಲೇ ಹೆಚ್ಚು ಬೆಲೆಯೂ ಇದೆ, ಮರ್ಯಾದೆಯೂ ಇದೆ.

ಇನ್ನು ನಿಮ್ಮ ಎಂಜಿನ್ನಿನ ವಿಷಯ. ನೀವು ಅರಿತೋ ಅರಿಯದೆಯೋ ಒಳ್ಳೆಯ ಎಂಜಿನ್ನನ್ನೇ ಪಡೆದಿದ್ದೀರಿ. ಅಮೆರಿಕದ ಡರ್ಟ್ ಟ್ರ್ಯಾಕ್ ಎಂದರೆ ನಾವು ಹಾಸನ, ಚಿಕ್ಕಮಗಳೂರುಗಳಲ್ಲಿ ನೋಡಿದ ಏರಿಳಿತಗಳ ಮಣ್ಣಿನ ರೇಸ್ ಅಲ್ಲ. ಅದು ಕುದುರೆ ರೇಸಿನ ಅಂಗಳದಂಥ ಸಮತಟ್ಟಾದ ಅಂಡಾಕಾರದ ಹಾದಿಯಲ್ಲಿ, ಎಡಕ್ಕೆ ಮಾತ್ರ ತಿರುಗುತ್ತ, ತಿರುವಿನಲ್ಲಿ ಹಿಂದಿನ ಚಕ್ರವನ್ನು ಜಾರಿಸುತ್ತ ಓಡಿಸುವ ಸ್ಪರ್ಧೆ. ಕಾಲು ಮೈಲಿ, ಅರ್ಧ ಮೈಲಿ, ಒಂದು ಮೈಲಿಯ ಅಂಗಳಗಳಿವೆ. ಹಿಂದಿನ ನಿಯಮಗಳು ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿರುವ ಸೈಡ್ ವಾಲ್ವ್ ಎಂಜಿನ್ನಿಗೆ 750 ಸಿಸಿ, ವಾಲ್ವುಗಳು ಮೇಲಿರುವ ಓವರ್‌ಹೆಡ್ ವಾಲ್ವ್ ಎಂಜಿನ್ನಿಗೆ 500 ಸಿಸಿ ಎಂದು ಬೇರೆ ಬೇರೆ ಮಿತಿ ಇಟ್ಟಿದ್ದವು. 1969ರ ಬದಲಾವಣೆಯಿಂದ ಎಲ್ಲರಿಗೂ 750 ಸಿಸಿ ಎಂದಾದಾಗ ಟ್ರಯಂಫ್, ಬಿಎಸ್‌ಎ ಮತ್ತು ಯಮಹಾದ ಎರಡು ಸಿಲಿಂಡರಿನ ಬೈಕುಗಳಿಗೆ ಬಾಗಿಲು ತೆರೆಯಿತು. ಅಮೆರಿಕದ ಸವಾರ ಕೆನ್ನಿ ರಾಬರ್ಟ್ಸ್ 1973 ಮತ್ತು 1974ರಲ್ಲಿ ಯಮಹಾ ಪರವಾಗಿ ಅಲ್ಲಿನ ರಾಷ್ಟ್ರೀಯ ಪ್ರಶಸ್ತಿಯಾದ ಗ್ರ್ಯಾಂಡ್ ನ್ಯಾಷನಲ್ ಚಾಂಪಿಯನ್‌ಷಿಪ್ ಗೆದ್ದಾಗ ಉದ್ದದ ಮಣ್ಣಿನ ಹಾದಿಗಳಲ್ಲಿ ಅವರ ಕೈಯಲ್ಲಿದ್ದುದು ನಿಮ್ಮ ಬಳಿ ಇರುವ ಎಂಜಿನ್ನಿನ ವಂಶದ್ದೇ. ಆದರೆ ಆ ಎಂಜಿನ್ ಕಾರ್ಖಾನೆಯ ಫ್ರೇಮಿನಲ್ಲಿ ಇರಲಿಲ್ಲ. ನಿಮ್ಮ ಪ್ರಶ್ನೆಯ ತಿರುಳು ಇರುವುದೂ ಅಲ್ಲಿಯೇ.

ರಸ್ತೆಯ ಎಕ್ಸ್‌ಎಸ್ 650 ಇನ್ನೂರು ಕಿಲೋ ಸುತ್ತಮುತ್ತ ತೂಗುವ ಬೈಕ್. ಅದರ ಫ್ರೇಮ್ ಭಾರವೂ ಹೌದು, ಜೋರಿನಲ್ಲಿ ತಿರುಚಿಕೊಳ್ಳುವಂಥದ್ದೂ ಹೌದು. ಆದ್ದರಿಂದ ಕ್ಯಾಲಿಫೋರ್ನಿಯಾದ ಸಣ್ಣ ಕಾರ್ಯಾಗಾರಗಳು ಕ್ರೋಮ್-ಮಾಲಿ ಎಂಬ ಉಕ್ಕಿನ, ಗೋಡೆ ಸುಮಾರು ಒಂದೂವರೆ ಮಿಲಿಮೀಟರ್ ದಪ್ಪವಿರುವ ಕೊಳವೆಗಳಿಂದ ರೇಸಿಗೆಂದೇ ಫ್ರೇಮ್ ಕಟ್ಟತೊಡಗಿದವು. ರೇ ಹೆನ್ಸ್‌ಲಿಯವರ ಟ್ರ್ಯಾಕ್‌ಮಾಸ್ಟರ್, ಡಗ್ ಶ್ವರ್ಮಾ ಅವರ ಚಾಂಪಿಯನ್, ಮುಂದೆ ಮಕ್ಕಳ ಬಿಎಂಎಕ್ಸ್ ಸೈಕಲ್ಲುಗಳಿಂದ ಹೆಸರಾದ ಲಿನ್ ಕ್ಯಾಸ್ಟನ್ ಅವರ ರೆಡ್‌ಲೈನ್, ಸಾಂಟಾ ಆನಾದ ಸಿ ಆ್ಯಂಡ್ ಜೆ ಇವುಗಳಲ್ಲಿ ಮುಖ್ಯವಾದವು. 1975ರ ಆಗಸ್ಟಿನಲ್ಲಿ ಇಂಡಿಯಾನಾಪೊಲಿಸ್‌ನ ಒಂದು ಮೈಲಿ ಹಾದಿಯಲ್ಲಿ ರಾಬರ್ಟ್ಸ್ ಗೆದ್ದ, ನಾಲ್ಕು ಸಿಲಿಂಡರಿನ ಟೂ-ಸ್ಟ್ರೋಕ್ ಟಿಝಡ್ 750 ಎಂಜಿನ್ ತುಂಬಿದ ಆ ಭಯಂಕರ ಬೈಕಿನ ಫ್ರೇಮೂ ಶ್ವರ್ಮಾ ಅವರ ಕೈಕೆಲಸವೇ. ಇಂಥ ಫ್ರೇಮಿನಲ್ಲಿ ನಿಮ್ಮ ಎಂಜಿನ್ ಕೂರಿಸಿದರೆ ಇಡೀ ಬೈಕ್ 140 ಕಿಲೋ ಆಸುಪಾಸಿಗೆ ಇಳಿಯುತ್ತದೆ.

ನನ್ನ ಮುಖ್ಯ ಸಲಹೆಯನ್ನು ಇಲ್ಲಿಯೇ ಹೇಳುತ್ತೇನೆ: ಬರೀ ಫ್ರೇಮ್ ಕೊಳ್ಳಬೇಡಿ, ಚಕ್ರಗಳ ಮೇಲೆ ನಿಂತಿರುವ ರೋಲಿಂಗ್ ಚಾಸಿಸ್ ಕೊಳ್ಳಿ. ಅಂದರೆ ಫ್ರೇಮ್, ಹಿಂದಿನ ಚಕ್ರವನ್ನು ಹಿಡಿಯುವ ಸ್ವಿಂಗ್ ಆರ್ಮ್, ಮುಂದಿನ ಫೋರ್ಕ್, ಅದನ್ನು ಹಿಡಿಯುವ ಮೇಲಿನ ಮತ್ತು ಕೆಳಗಿನ ತಟ್ಟೆಗಳು, ಎರಡು ಚಕ್ರ ಇವಿಷ್ಟು ಒಟ್ಟಿಗೆ ಇರುವ, ಎಂಜಿನ್ ಮಾತ್ರ ಇಲ್ಲದ ಬೈಕ್. ಬರೀ ಫ್ರೇಮ್ ಅಗ್ಗವಾಗಿ ಕಾಣುತ್ತದೆ. ಆದರೆ ಅದಕ್ಕೆ ಹೊಂದುವ ಸ್ಟಿಯರಿಂಗ್ ಬೇರಿಂಗು, ಆಕ್ಸಲ್, ಸ್ವಿಂಗ್ ಆರ್ಮಿನ ಬುಷ್, ಎಂಜಿನ್ ಹಿಡಿಯುವ ಪಟ್ಟಿಗಳು ಯಾವ ಅಂಗಡಿಯಲ್ಲೂ ಸಿದ್ಧವಾಗಿ ಸಿಗುವುದಿಲ್ಲ. ಪ್ರತಿಯೊಂದನ್ನೂ ಅಳತೆ ಕೊಟ್ಟು ಲೇತ್ ಹಿಡಿಸಬೇಕು. ಹೀಗೆ ಬಿಡಿಬಿಡಿಯಾಗಿ ಹೊಂದಿಸಿದವರು ಎರಡು ರೋಲಿಂಗ್ ಚಾಸಿಸ್‌ಗಳ ದುಡ್ಡು ಸುರಿದು ಒಂದನ್ನು ನಿಲ್ಲಿಸಿದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ. ಅವರಲ್ಲಿ ಮೊದಲನೆಯವನು ನಾನೇ ಎಂಬುದನ್ನು ಮರೆಮಾಚುವುದಿಲ್ಲ.

ಆದರೆ ಚಾಸಿಸ್‌ಗಿಂತಲೂ ಮೊದಲು ಕೈಗೆ ತೆಗೆದುಕೊಳ್ಳಬೇಕಾದುದು ನಿಯಮಪುಸ್ತಕ. ನೀವು ಯಾವ ಸಂಸ್ಥೆಯ, ಯಾವ ವಿಭಾಗದಲ್ಲಿ ಓಡಿಸಲಿದ್ದೀರಿ ಎಂಬುದನ್ನು ಮೊದಲೇ ನಿರ್ಧರಿಸಿ, ಆ ವಿಭಾಗದ ಕಾಲಮಿತಿ, ಹಿಂದಿನ ಶಾಕ್ ಅಬ್ಸಾರ್ಬರುಗಳ ಸಂಖ್ಯೆ, ಫೋರ್ಕಿನ ಚಲನೆಯ ಮಿತಿ, ಟೈರಿನ ಬಗೆ ಇವನ್ನು ಓದಿಕೊಳ್ಳಿ. ಹಳೆಯ ಬೈಕುಗಳ ಸ್ಪರ್ಧೆಯನ್ನು ನಡೆಸುವ ಸಂಸ್ಥೆಗಳಲ್ಲಿ ಅಹ್ರಮಾ ಎಂದು ಕರೆಯಲಾಗುವ ಸಂಸ್ಥೆ ದೊಡ್ಡದು. ಇದಲ್ಲದೆ ಊರೂರಿನ ಕ್ಲಬ್ಬುಗಳಿಗೆ ತಮ್ಮದೇ ನಿಯಮಗಳಿರುತ್ತವೆ. ಹಿಂದೆ ಒಂದೇ ಶಾಕ್ ಇರುವ, ತೊಂಬತ್ತರ ದಶಕದ ಫ್ರೇಮೊಂದು ಅಗ್ಗವಾಗಿ ಸಿಕ್ಕಿತೆಂದು ತಂದ ಮೇಲೆ ನಿಮ್ಮ ವಿಭಾಗದಲ್ಲಿ ಅದಕ್ಕೆ ಪ್ರವೇಶವಿಲ್ಲವೆಂದು ತಿಳಿದರೆ ಅದನ್ನು ಗೋಡೆಗೆ ನೇತುಹಾಕಬೇಕಷ್ಟೇ.

ಈಗ ಹುಡುಕಾಟದ ವಿಷಯಕ್ಕೆ ಬರೋಣ. ನೀವಿರುವ ಸ್ಥಳ ಇದಕ್ಕೆ ಹೇಳಿ ಮಾಡಿಸಿದಂತಿದೆ. ಕೊಲಂಬಸ್‌ನಿಂದ ಉತ್ತರಕ್ಕೆ ಸುಮಾರು ಒಂದು ಗಂಟೆಯ ದಾರಿಯಲ್ಲಿರುವ ಲೆಕ್ಸಿಂಗ್‌ಟನ್‌ನ ಮಿಡ್-ಒಹಾಯೊ ರೇಸ್ ಅಂಗಳದಲ್ಲಿ ಬೇಸಿಗೆಯಲ್ಲಿ, ಸಾಮಾನ್ಯವಾಗಿ ಜುಲೈ ತಿಂಗಳಲ್ಲಿ, ಹಳೆಯ ಮೋಟರ್‌ಸೈಕಲ್ಲುಗಳ ಉತ್ಸವ ನಡೆಯುತ್ತದೆ. ಅದರ ಜೊತೆಗೆ ನೆರೆಯುವ ಬಿಡಿಭಾಗಗಳ ಸಂತೆಯನ್ನು ಒಂದು ದಿನದಲ್ಲಿ ಸುತ್ತಿ ಮುಗಿಸುವುದು ಕಷ್ಟ. ಶುಕ್ರವಾರ ಬೆಳಗಾಗುವ ಮೊದಲೇ ಕೈಬ್ಯಾಟರಿ ಹಿಡಿದು ಹೋಗುವವರಿಗೆ ಒಳ್ಳೆಯ ಫ್ರೇಮ್ ಸಿಗುತ್ತದೆ. ಭಾನುವಾರ ಮಧ್ಯಾಹ್ನ ಹೋಗುವವರಿಗೆ ಒಳ್ಳೆಯ ಬೆಲೆ ಸಿಗುತ್ತದೆ. ಎರಡೂ ಒಟ್ಟಿಗೆ ಸಿಗುವುದು ಅಪರೂಪ. ಅಯೋವಾ ರಾಜ್ಯದ ಡ್ಯಾವೆನ್‌ಪೋರ್ಟ್‌ನಲ್ಲಿ ಬೇಸಿಗೆಯ ಕೊನೆಗೆ ದಶಕಗಳಿಂದ ಸೇರುತ್ತ ಬಂದಿರುವ ಸಂತೆಯಲ್ಲಿ ಇನ್ನೂ ಹಳೆಯ ಕಾಲದ ಬೈಕುಗಳ ಸಾಮಾನು ಹೆಚ್ಚು. ಹಾರ್ಲೆ ಮತ್ತು ಇಂಡಿಯನ್ ಎಂಬ ಅಮೆರಿಕದ ಹಳೆಯ ಬೈಕುಗಳನ್ನು ಹುಡುಕುವವರಿಗೆ ಅದು ತೀರ್ಥಕ್ಷೇತ್ರ, ನಿಮಗೆ ಅಷ್ಟಾಗಿ ಒದಗದು.

ಸಂತೆಗಿಂತಲೂ ಒಳ್ಳೆಯ ಜಾಗ ರೇಸಿನ ಅಂಗಳದ ಪಿಟ್, ಅಂದರೆ ಸವಾರರು ತಮ್ಮ ಬೈಕುಗಳನ್ನು ಸಿದ್ಧಪಡಿಸುವ ಜಾಗ. ನಿಮ್ಮ ರಾಜ್ಯದ ಲೈಮಾ ಊರಿನ ಅರ್ಧ ಮೈಲಿ ಹಾದಿ ಬಟಾಣಿಗಾತ್ರದ ಕಲ್ಲಿನ ಮೇಲ್ಪದರಕ್ಕೆ ಹೆಸರಾದುದು. ಇದಲ್ಲದೆ ಸಣ್ಣ ಊರುಗಳ ಜಾತ್ರೆ ಮೈದಾನಗಳಲ್ಲಿ ಬೇಸಿಗೆಯ ಶನಿವಾರ ಸಂಜೆಗಳಂದು ರೇಸುಗಳಿರುತ್ತವೆ. ಮೂರು ನಾಲ್ಕು ಸಲ ಹೋಗಿ, ಕೆಲಸಕ್ಕೆ ಕೈ ಜೋಡಿಸಿ, ಎಕ್ಸ್‌ಎಸ್ 650 ಓಡಿಸುವ ಹಿರಿಯರ ಪರಿಚಯ ಮಾಡಿಕೊಳ್ಳಿ. ಅವರಲ್ಲಿ ಅನೇಕರ ಗ್ಯಾರೇಜಿನ ಅಟ್ಟದಲ್ಲಿ ಇನ್ನೊಂದು ಫ್ರೇಮ್ ಇರುತ್ತದೆ. ಅದು ಜಾಹೀರಾತಿಗೆ ಎಂದೂ ಬರುವುದಿಲ್ಲ, ಓಡಿಸುತ್ತಾರೆಂಬ ನಂಬಿಕೆ ಹುಟ್ಟಿದವರಿಗೆ ಮಾತ್ರ ಕೈ ಬದಲಾಗುತ್ತದೆ. ಆ ಫ್ರೇಮಿನ ಚರಿತ್ರೆಯೂ ಜೊತೆಗೆ ಬರುತ್ತದೆ: ಯಾವ ವರ್ಷ ಬಿದ್ದಿತು, ಎಲ್ಲಿ ಬೆಸೆದರು, ಯಾರು ಬೆಸೆದರು. ಜಾಲತಾಣದ ಜಾಹೀರಾತುಗಳನ್ನು ನೋಡಬೇಡಿ ಎನ್ನುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲೇ ಹುಟ್ಟಿದ ಫ್ರೇಮುಗಳು ಇಂದಿಗೂ ಅಲ್ಲಿಯೇ ಹೆಚ್ಚು ಉಳಿದಿವೆ, ದೂರದ ಮಾರಾಟಗಾರರನ್ನು ತಲುಪಲು ಬೇರೆ ದಾರಿಯಿಲ್ಲ. ಆದರೆ ಚಿತ್ರ ನೋಡಿ ಪೂರ್ತಿ ಹಣ ಕಳಿಸಬೇಡಿ.

ಸಂತೆಗೆ ಹೋಗುವ ಮುನ್ನ ಒಂದು ಕೆಲಸ ಮಾಡಿಕೊಳ್ಳಿ. ನಿಮ್ಮ ಎಂಜಿನ್ನಿನ ಎಲ್ಲ ಬೋಲ್ಟ್ ತೂತುಗಳ ಸ್ಥಾನವನ್ನು, ಚೈನ್ ಎಳೆಯುವ ಹಲ್ಲುಚಕ್ರವಾದ ಸ್ಪ್ರಾಕೆಟ್ಟಿನ ಶಾಫ್ಟಿನ ಕೇಂದ್ರವನ್ನು, ಸಿಲಿಂಡರ್ ಹೆಡ್ಡಿನ ಎತ್ತರವನ್ನು ತೆಳುವಾದ ಪ್ಲೈವುಡ್ ಹಲಗೆಯ ಮೇಲೆ ಗುರುತಿಸಿ, ಕತ್ತರಿಸಿ, ತೂತು ಕೊರೆದು ಮಾದರಿಯೊಂದನ್ನು ಮಾಡಿಟ್ಟುಕೊಳ್ಳಿ. ಏಕೆಂದರೆ ಒಬ್ಬನೇ ತಯಾರಕ ಟ್ರಯಂಫಿಗೂ ಬಿಎಸ್‌ಎಗೂ ಯಮಹಾಕ್ಕೂ ಬೇರೆ ಬೇರೆ ಫ್ರೇಮ್ ಕಟ್ಟಿದ್ದಾನೆ. ದೂರದಿಂದ ಎಲ್ಲವೂ ಅಣ್ಣತಮ್ಮಂದಿರಂತೆಯೇ ಕಾಣುತ್ತವೆ. ಟ್ರಯಂಫಿಗಾಗಿ ಕಟ್ಟಿದ ಫ್ರೇಮುಗಳಲ್ಲಿ ಬೆನ್ನಿನ ದಪ್ಪ ಕೊಳವೆಯೇ ಆಯಿಲ್ ಟ್ಯಾಂಕ್ ಆಗಿರುವುದುಂಟು. ಆ ಎಂಜಿನ್ನಿನ ಆಯಿಲ್ ಹೊರಗೆ ಇರಬೇಕು, ನಿಮ್ಮ ಯಮಹಾದ ಆಯಿಲ್ ಕ್ರ್ಯಾಂಕ್‌ಕೇಸಿನ ಒಳಗೇ ಇರುತ್ತದೆ. ಬೆನ್ನಿನ ಕೊಳವೆಗೆ ಆಯಿಲ್ ತುಂಬುವ ಮುಚ್ಚಳ ಕಂಡರೆ ಅದು ಬಹುಮಟ್ಟಿಗೆ ನಿಮ್ಮದಲ್ಲ. ಪ್ಲೈವುಡ್ ಮಾದರಿಯನ್ನು ಫ್ರೇಮಿನೊಳಗೆ ಇಳಿಸಿ ನೋಡಿದರೆ ಎರಡು ನಿಮಿಷದಲ್ಲಿ ಉತ್ತರ ಸಿಗುತ್ತದೆ.

ಹೊಂದುವ ಫ್ರೇಮ್ ಸಿಕ್ಕಿತೆನ್ನಿ. ಆಗ ನಿಧಾನಿಸಿ. ಹಲವು ವರ್ಷಗಳ ಹಿಂದೆ ನಾನು ಒಬ್ಬ ವ್ಯಾಪಾರಿಯಿಂದ ಸಂಜೆಗತ್ತಲಿನಲ್ಲಿ ಹೊಸದಾಗಿ ಕ್ರೋಮ್ ಹಿಡಿಸಿದ, ಕನ್ನಡಿಯಂತೆ ಹೊಳೆಯುವ ಫ್ರೇಮೊಂದನ್ನು ಕೊಂಡೆ. ಎರಡನೆಯ ರೇಸಿನ ಹೊತ್ತಿಗೆ ಸ್ವಿಂಗ್ ಆರ್ಮ್ ಕೀಲಿನ ಬಳಿ ಲೇಪ ಸಿಪ್ಪೆಯಂತೆ ಎದ್ದು, ಅದರ ಕೆಳಗೆ ಹಳೆಯ ಬಿರುಕನ್ನು ಯಾವುದೋ ಮೆತ್ತನೆಯ ಲೋಹದಿಂದ ತುಂಬಿ ಉಜ್ಜಿದ್ದು ಹೊರಬಿತ್ತು. ಅಂದಿನಿಂದ ಹೊಳಪು ಕಂಡರೆ ನನಗೆ ಅನುಮಾನ. ಕ್ರೋಮ್ ಬಿರುಕನ್ನು ಮುಚ್ಚುವುದಷ್ಟೇ ಅಲ್ಲ, ಲೇಪದ ಆಮ್ಲಸ್ನಾನದಲ್ಲಿ ಹುಟ್ಟುವ ಹೈಡ್ರೋಜನ್ ಗಟ್ಟಿ ಉಕ್ಕಿನ ಒಳಹೊಕ್ಕು ಅದನ್ನು ಪೆಡಸಾಗಿಸುವ ಅಪಾಯವೂ ಇದೆ. ಅದಕ್ಕಾಗಿಯೇ ಲೇಪವಾದ ಕೆಲವೇ ಗಂಟೆಗಳೊಳಗೆ ಅಂಥ ಉಕ್ಕನ್ನು ಸುಮಾರು 190 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಲವು ಗಂಟೆ ಕಾಯಿಸಿಡುವ ಪದ್ಧತಿಯಿದೆ. ಬಂಪರಿಗೆ ಕ್ರೋಮ್ ಹಿಡಿಸುವ ಅಂಗಡಿಗಳು ಇದನ್ನು ಮಾಡಿರುತ್ತವೆಂದು ನಂಬಲಾಗದು. ಹಳೆಯ ತಯಾರಕರಲ್ಲಿ ಅನೇಕರು ತೆಳುವಾದ ನಿಕಲ್ ಲೇಪವನ್ನೇ ಮೆಚ್ಚಿದ್ದು ಅದರ ಮಾಸಲು ಬೆಳ್ಳಿಬಣ್ಣದ ಮೇಲೆ ಕೂದಲೆಳೆಯ ಬಿರುಕೂ ಬೇಗ ಕಾಣುತ್ತದೆ ಎಂಬ ಕಾರಣಕ್ಕೂ ಹೌದು.

ಬಿರುಕು ಬಿಡುವ ಜಾಗಗಳು ಎಲ್ಲ ಫ್ರೇಮುಗಳಲ್ಲೂ ಹೆಚ್ಚುಕಡಿಮೆ ಒಂದೇ: ಸ್ಟಿಯರಿಂಗ್ ತಲೆಯ ಕೆಳಗೆ ಬೆಸೆದ ತಟ್ಟೆಯ ಅಂಚು, ಸ್ವಿಂಗ್ ಆರ್ಮಿನ ಕೀಲು, ಶಾಕ್ ಅಬ್ಸಾರ್ಬರಿನ ಮೇಲಿನ ಹಿಡಿ, ಎಂಜಿನ್ ಹಿಡಿಯುವ ಕಿವಿಗಳು. ಅಲ್ಲೆಲ್ಲ ಬಣ್ಣವನ್ನು ಕೆರೆದು ನೋಡಲು ಮಾರುವವನು ಒಪ್ಪದಿದ್ದರೆ ಬೆಲೆಯನ್ನು ಆ ಲೆಕ್ಕದಲ್ಲೇ ಕೇಳಿ. ಮನೆಗೆ ತಂದ ಮೇಲೆ ಅದೇ ಜಾಗಗಳನ್ನು ಸ್ವಚ್ಛಗೊಳಿಸಿ ಬಿರುಕು ಪತ್ತೆಯ ಕೆಂಪು ದ್ರವವನ್ನು ಸಿಂಪಡಿಸಿ, ಕೆಲವು ನಿಮಿಷ ಬಿಟ್ಟು ಒರೆಸಿ, ಮೇಲೆ ಬಿಳಿಯ ಪುಡಿಯ ಪದರ ಹಿಡಿಸಿ. ಬಿರುಕಿದ್ದರೆ ಅದರೊಳಗೆ ಉಳಿದ ಬಣ್ಣ ಕೆಂಪು ಗೆರೆಯಾಗಿ ಮೇಲಕ್ಕೆ ಬರುತ್ತದೆ. ಮೂರು ಸಣ್ಣ ಡಬ್ಬಿಗಳ ಖರ್ಚು ಅಷ್ಟೇ. ನೆಟ್ಟಗಿದೆಯೇ ಎಂಬುದನ್ನು ತಿಳಿಯಲು ಸ್ಟಿಯರಿಂಗ್ ತಲೆಯೊಳಗೆ ಒಂದು ಉದ್ದನೆಯ ಸರಳು, ಸ್ವಿಂಗ್ ಆರ್ಮಿನ ಕೀಲಿನೊಳಗೆ ಇನ್ನೊಂದು ಸರಳು ತೂರಿಸಿ ಮುಂದಿನಿಂದ ನೋಡಿ. ಎರಡೂ ಒಂದಕ್ಕೊಂದು ಲಂಬವಾಗಿರಬೇಕು. ಬಳಿಕ ಹಿಂದಿನ ಚಕ್ರದಿಂದ ಮುಂದಿನವರೆಗೆ ಎರಡೂ ಬದಿಗೆ ದಾರ ಕಟ್ಟಿ ಚಕ್ರಗಳು ಒಂದೇ ಗೆರೆಯಲ್ಲಿವೆಯೇ ಪರೀಕ್ಷಿಸಿ. ಸ್ವಲ್ಪ ಸೊಟ್ಟಗಿದ್ದರೆ ತಿಳಿದವರು ತಿದ್ದಿಯಾರು. ಸ್ಟಿಯರಿಂಗ್ ತಲೆಯ ಬಳಿ ಕೊಳವೆಯೇ ಮಡಿಕೆ ಬಿದ್ದಿದ್ದರೆ ಅದು ಗುಜರಿಯ ಮಾಲು.

ಹಳೆಯದು ಸಿಗದಿದ್ದರೆ ಅಥವಾ ಸಿಕ್ಕಿದ್ದು ನಂಬಿಕೆ ಹುಟ್ಟಿಸದಿದ್ದರೆ, ಟ್ರ್ಯಾಕ್‌ಮಾಸ್ಟರ್, ಚಾಂಪಿಯನ್ ಮಾದರಿಗಳನ್ನು ಅನುಸರಿಸಿ ಇಂದು ಹೊಸದಾಗಿ ಕಟ್ಟಿಕೊಡುವವರಿದ್ದಾರೆ. ಬಿದ್ದೇಳುವುದು ನಿಶ್ಚಿತವಿರುವ ಮೊದಲ ಬೈಕಿಗೆ ಹೊಸ ಫ್ರೇಮೇ ಹೆಚ್ಚು ವಿವೇಕದ್ದೆಂದು ನನ್ನ ಅಭಿಪ್ರಾಯ. ಐವತ್ತು ವರ್ಷದ ಮೂಲ ಫ್ರೇಮಿನ ಮೋಹವುಳ್ಳವರು ಇದನ್ನು ಒಪ್ಪುವುದಿಲ್ಲ. ಮೂರನೆಯ ದಾರಿಯೆಂದರೆ ರಸ್ತೆಯ ಎಕ್ಸ್‌ಎಸ್ 650ರ ಫ್ರೇಮನ್ನೇ ಹಿಂಭಾಗ ಕತ್ತರಿಸಿ ಹಗುರಗೊಳಿಸುವುದು. ಅದಕ್ಕೆ 1978ರ ನಂತರದ ಸ್ಪೆಷಲ್ ಮಾದರಿಯ, ತುಕ್ಕು ಹಿಡಿದ ಬೈಕ್ ಹುಡುಕಿ. ಈ ಬೈಕಿನ ಮೊದಲ ಮಾದರಿಯಾದ, 1970ರ ಎಕ್ಸ್‌ಎಸ್-1ರ ಫ್ರೇಮಿಗೆ ಗರಗಸ ಹಚ್ಚಬೇಡಿ, ಅದನ್ನು ಮೂಲಸ್ಥಿತಿಗೆ ತರಲು ಹುಡುಕುತ್ತಿರುವವರು ಬಹಳ ಮಂದಿ ಇದ್ದಾರೆ. ರಸ್ತೆಯ ಫ್ರೇಮ್ ಬಳಸುವುದಾದರೆ ಸ್ವಿಂಗ್ ಆರ್ಮಿನ ಪ್ಲಾಸ್ಟಿಕ್ ಬುಷ್ ತೆಗೆದು ಕಂಚಿನದು, ಸ್ಟಿಯರಿಂಗಿನ ಬಿಡಿ ಗುಂಡುಗಳ ಬದಲು ಟೇಪರ್ ರೋಲರ್ ಬೇರಿಂಗ್ ಹಾಕುವುದು ಕಡ್ಡಾಯವೆಂದೇ ತಿಳಿಯಿರಿ. ಸ್ಟಿಯರಿಂಗ್ ಕೋನವನ್ನೂ, ಅಂದರೆ ಫೋರ್ಕ್ ಹಿಂದಕ್ಕೆ ವಾಲಿರುವ ಕೋನವನ್ನೂ ಮರೆಯಬೇಡಿ. ರಸ್ತೆಯ ಬೈಕಿನ ಸುಮಾರು 27 ಡಿಗ್ರಿಯ ಎದುರು ಡರ್ಟ್ ಟ್ರ್ಯಾಕ್ ಫ್ರೇಮುಗಳದು ಸಾಮಾನ್ಯವಾಗಿ 24ರಿಂದ 26 ಡಿಗ್ರಿ.

ಫೋರ್ಕಿಗೆ ಅಂದಿನ ಸವಾರರ ಆಯ್ಕೆ ಇಟಲಿಯ 35 ಮಿಲಿಮೀಟರಿನ ಚೆರಿಯಾನಿ. ಈಗ ಅದು ದುಬಾರಿ. 1977ರಿಂದ ಎಕ್ಸ್‌ಎಸ್ 650ಕ್ಕೂ 35 ಮಿಲಿಮೀಟರಿನ ಫೋರ್ಕ್ ಬಂದಿತು, ಅದಕ್ಕೂ ಹಿಂದಿನದು 34. ಈ ಒಂದು ಮಿಲಿಮೀಟರಿನ ಅಂತರವನ್ನು ಗಮನಿಸದೆ ತಟ್ಟೆ ಒಂದು ಕಡೆಯದು, ಫೋರ್ಕ್ ಇನ್ನೊಂದು ಕಡೆಯದು ಕೊಂಡು ಪೇಚಾಡುವವರು ಪ್ರತಿ ಸಂತೆಯಲ್ಲೂ ಇರುತ್ತಾರೆ.

ಚಕ್ರಗಳೆರಡೂ 19 ಇಂಚಿನವಾಗಿರಬೇಕು. ಡರ್ಟ್ ಟ್ರ್ಯಾಕ್ ಟೈರುಗಳು ಆ ಅಳತೆಯಲ್ಲೇ ಬರುತ್ತವೆ, ಡನ್‌ಲಪ್ ಮತ್ತು ಮ್ಯಾಕ್ಸಿಸ್ ಇವತ್ತಿಗೂ ತಯಾರಿಸುತ್ತಿವೆ. ಎಕ್ಸ್‌ಎಸ್ 650ರ ಮೂಲ ಹಿಂಚಕ್ರ 18 ಇಂಚಿನದು, ಸ್ಪೆಷಲ್ ಮಾದರಿಯದು 16, ಎರಡೂ ಒದಗುವುದಿಲ್ಲ. ಹಿಂದಿನ ಚಕ್ರದ ನಡುವಿನ ಹಬ್ ಬಾರ್ನ್ಸ್ ಕಂಪನಿಯದು ಸಿಕ್ಕರೆ ಬಿಡಬೇಡಿ. ಅದರಲ್ಲಿ ಸ್ಪ್ರಾಕೆಟ್ ಬದಲಾಯಿಸುವುದು ಕೆಲವೇ ನಿಮಿಷಗಳ ಕೆಲಸ. ಯಾವಾಗಲೂ ಎಡಕ್ಕೇ ವಾಲುವುದರಿಂದ ಟೈರಿನ ಎಡ ಅಂಚು ಬೇಗ ಸವೆಯುತ್ತದೆ. ಆಗ ಚಕ್ರವನ್ನು ತಿರುವಿ ಹಾಕಿದರೆ ಸವೆಯದ ಅಂಚು ಕೆಲಸಕ್ಕೆ ಬರುತ್ತದೆ. ಕೊಳ್ಳುವಾಗ ಚೈನ್ ಯಾವ ಬದಿಗೆಂದು ನೋಡಿ: ನಿಮ್ಮ ಯಮಹಾದ ಚೈನ್ ಎಡಕ್ಕೆ, ಹಾರ್ಲೆಯ ಎಕ್ಸ್‌ಆರ್ 750ರದು ಬಲಕ್ಕೆ. ಹಾರ್ಲೆಯಿಂದ ಬಿಚ್ಚಿದ ಚಕ್ರ ಸ್ಪೇಸರುಗಳನ್ನು ಬದಲಿಸದೆ ನಿಮ್ಮ ಚೈನಿನ ಗೆರೆಗೆ ಬಾರದು. ಮುಂದೆ ಬ್ರೇಕ್ ಇಲ್ಲ. ಹಿಂದಿನ ಬ್ರೇಕನ್ನು ಕೂಡ 1969ರವರೆಗೆ ಅಂಡಾಕಾರದ ಹಾದಿಗಳಲ್ಲಿ ಬಿಡುತ್ತಿರಲಿಲ್ಲ. ಈಗ ಬಲಗಾಲಿಗೆ ಹಿಂದಿನ ಡಿಸ್ಕ್ ಇರುತ್ತದೆ, ಎಡಗಾಲಿಗೆ ತಿರುವಿನಲ್ಲಿ ನೆಲದ ಮೇಲೆ ಜಾರಿಸಲು ಬೂಟಿನ ಅಡಿಯಲ್ಲಿ ಕಟ್ಟುವ ಉಕ್ಕಿನ ಪಾದುಕೆ. ಆ ಪಾದುಕೆಯನ್ನು ನಿಮ್ಮ ಬೂಟಿನ ಅಳತೆಗೇ ಮಾಡಿಸಬೇಕು. ಬೇರೆಯವರದು ಹಳೆಯದಾದರೂ ಅಗ್ಗವೆಂದು ಕೊಳ್ಳಬೇಡಿ.

ಎಂಜಿನ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದರ ಭಾಗಗಳು ಧಾರಾಳವಾಗಿ ಸಿಗುತ್ತವೆ. ಒಂದೆರಡು ಎಚ್ಚರಿಕೆಗಳು ಸಾಕು. 1972ರದು 256 ಎಂದು ಗುರುತಿಸುವ ಮೊದಲ ಸರಣಿ, 1974ರಿಂದ 447 ಸರಣಿ. ಎರಡರ ಕನೆಕ್ಟಿಂಗ್ ರಾಡ್ ಮತ್ತು ಪಿಸ್ಟನ್ನುಗಳನ್ನು ಬೆರೆಸಲಾಗದು. ಬಲವಾದ ಕ್ರ್ಯಾಂಕ್ ಬೇಕೆಂದರೆ 447ರ ಕ್ರ್ಯಾಂಕ್, ಸಿಲಿಂಡರ್, ಪಿಸ್ಟನ್ ಎಲ್ಲವನ್ನೂ ಒಟ್ಟಿಗೆ ತನ್ನಿ. 75 ಮಿಲಿಮೀಟರಿನ ಬೋರನ್ನು, ಅಂದರೆ ಸಿಲಿಂಡರಿನ ಒಳವ್ಯಾಸವನ್ನು, 80ಕ್ಕೆ ಹಿಗ್ಗಿಸಿದರೆ 653 ಸಿಸಿ 744 ಆಗುತ್ತದೆ, ಆದರೆ ಮೊದಲ ವರ್ಷ ಹಾಗೇ ಇರಲಿ. ಆ ವರ್ಷ ಹೊಸದಾಗಿ ಬಂದ ಸೆಲ್ಫ್ ಸ್ಟಾರ್ಟರ್ ಮೋಟರನ್ನು ಬಿಚ್ಚಿ ತೂತು ಮುಚ್ಚಿಬಿಡಿ. ಪಕ್ಕದ ಮನೆಯ ಹಿರಿಯರನ್ನು ಸಂಪರ್ಕಿಸಲು ಸಾಧ್ಯವಿದ್ದರೆ ಎಂಜಿನ್ ಸಂಖ್ಯೆ ಬರೆದು, ಅದನ್ನು ನಿಮಗೆ ಕೊಟ್ಟಿದ್ದಾಗಿ ಸಹಿ ಮಾಡಿದ ಒಂದು ಚೀಟಿ ಪಡೆದುಕೊಳ್ಳಿ. ರೇಸ್ ಬೈಕಿಗೆ ರಸ್ತೆಯ ನೋಂದಣಿ ಬೇಡ. ಆದರೆ ಈ ಯಮಹಾದಲ್ಲಿ ಎಂಜಿನ್ನಿಗೂ ಫ್ರೇಮಿಗೂ ಒಂದೇ ಸಂಖ್ಯೆ ಹೊಡೆದಿರುತ್ತಾರೆ, ಮುಂದೊಮ್ಮೆ ಯಾರಾದರೂ ಆ ಸಂಖ್ಯೆಯ ಫ್ರೇಮ್ ಹಿಡಿದು ಬಂದರೆ ಚೀಟಿ ಬೇಕಾಗುತ್ತದೆ.

ಕೊನೆಯದಾಗಿ ಪೆಟ್ರೋಲ್ ಟ್ಯಾಂಕ್. ಸಂತೆಯಲ್ಲಿ ಅಂದಿನ ಫೈಬರ್‌ಗ್ಲಾಸ್ ಟ್ಯಾಂಕ್ ಮತ್ತು ಸೀಟು ಸುಂದರವಾಗಿಯೇ ಕಾಣುತ್ತವೆ. ಸೀಟನ್ನು ಕೊಳ್ಳಿ, ಟ್ಯಾಂಕಿನ ವಿಷಯದಲ್ಲಿ ಯೋಚಿಸಿ. ಇಂದಿನ ಪೆಟ್ರೋಲಿನಲ್ಲಿ ಬೆರೆಸುವ ಎಥನಾಲ್ ಆ ಕಾಲದ ರೆಸಿನ್ನನ್ನು ಮೆತ್ತಗಾಗಿಸಿ ಕರಗಿಸುತ್ತದೆ. ಕರಗಿದ್ದು ಅಂಟಾಗಿ ಕಾರ್ಬುರೇಟರಿಗೆ ಇಳಿಯುತ್ತದೆ. ಅದು ಇನ್‌ಲೆಟ್ ವಾಲ್ವಿನ ಕಾಂಡಕ್ಕೆ ಮೆತ್ತಿಕೊಂಡು ವಾಲ್ವ್ ಸಿಕ್ಕಿಹಾಕಿಕೊಂಡ ಎಂಜಿನ್ನೊಂದನ್ನು ನಾನು ಬಿಚ್ಚಿದ್ದೇನೆ. ಹಳೆಯ ಟ್ಯಾಂಕನ್ನು ಮೇಲುಹೊದಿಕೆಯಾಗಿ ಉಳಿಸಿ, ಒಳಗೆ ಸಣ್ಣದೊಂದು ಅಲ್ಯೂಮಿನಿಯಂ ಟ್ಯಾಂಕ್ ಕೂರಿಸುವುದು ನಾನು ಈಗ ಅನುಸರಿಸುವ ಕ್ರಮ. ಇಂಥ ರೇಸುಗಳಲ್ಲಿ ಸುತ್ತುಗಳು ಕಡಿಮೆ, ನಾಲ್ಕೈದು ಲೀಟರ್ ಹಿಡಿದರೆ ಸಾಕಾಗುತ್ತದೆ.